ಮಿಕ್ ಗುಡ್ರಿಕ್ ಪುಸ್ತಕ ತರಿಸಿದೆ, ಒಳಗೆ ಪಾಠವೇ ಇಲ್ವಲ್ಲ! ಇದನ್ನು ಹಿಡ್ಕೊಂಡು ಏನು ಮಾಡೋದು?

ಸಾರಣಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಗಿಟಾರ್ ನುಡಿಸುವವರು ಇದ್ದರೆ ಸ್ವಲ್ಪ ದಾರಿ ತೋರಿಸಿ.

ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ವೀಣೆ ಕಲಿತೆ. ವರ್ಣದವರೆಗೆ ಬಂದು ಬಿಟ್ಟೆ. ಕಾಲೇಜಿಗೆ ಸೇರಿದ ಮೇಲೆ ಗಿಟಾರ್ ಹುಚ್ಚು ಹಿಡಿಯಿತು. ಈಗ ಕೆಲಸ, ಮನೆ ಎಲ್ಲ ಮುಗಿಸಿ ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು ನುಡಿಸುತ್ತೇನೆ. ಸ್ಕೇಲುಗಳನ್ನೆಲ್ಲ ಯೂಟ್ಯೂಬ್ ನೋಡಿ ಬಾಕ್ಸ್ ಲೆಕ್ಕದಲ್ಲಿ, ಅಂದರೆ ಕೈ ಒಂದೇ ಕಡೆ ಇಟ್ಟು ಬೆರಳು ಓಡಿಸೋ ಆಕಾರಗಳಾಗಿ, ಬಾಯಿಪಾಠ ಮಾಡಿದ್ದೇನೆ. ಬೆರಳು ಚೆನ್ನಾಗಿಯೇ ಓಡುತ್ತೆ. ಆದರೆ ಸೋಲೋ ಅಂತ ಕೂತರೆ ಏಣಿ ಹತ್ತಿ ಇಳಿದ ಹಾಗೆ ಆಗುತ್ತೆ. ಮೇಲಕ್ಕೆ ಹೋಗು, ಕೆಳಕ್ಕೆ ಬಾ, ಅಷ್ಟೇ.

ಜಾಝ್ ಕೇಳೋಕೆ ಶುರು ಮಾಡಿದ ಮೇಲೆ ಒಂದು ವಿಷಯ ಗಮನಿಸಿದೆ. ಪ್ಯಾಟ್ ಮೆಥೀನಿ, ಜಾನ್ ಸ್ಕೋಫೀಲ್ಡ್, ಬಿಲ್ ಫ್ರಿಸೆಲ್ ಈ ಗಿಟಾರ್ ವಾದಕರ ಬಗ್ಗೆ ಏನು ಓದಿದರೂ ಮಿಕ್ ಗುಡ್ರಿಕ್ ಅನ್ನೋ ಹೆಸರು ಎಲ್ಲೋ ಒಂದು ಕಡೆ ಬಂದೇ ಬರುತ್ತೆ. ಸರಿ, ಅವರ 'ದಿ ಅಡ್ವಾನ್ಸಿಂಗ್ ಗಿಟಾರಿಸ್ಟ್' ತರಿಸಿದೆ. ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ತೋರಿಸೋ ಟ್ಯಾಬ್ ಹುಡುಕಿದೆ, ಇಲ್ಲ. ಇವತ್ತು ಇದು, ನಾಳೆ ಅದು ಅನ್ನೋ ಕ್ರಮವೂ ಇಲ್ಲ. ಶುರುವಿನಲ್ಲೇ ಒಂದೇ ತಂತಿ ಮೇಲೆ ನುಡಿಸು ಅಂತಾರೆ. ಆರು ತಂತಿಯ ವಾದ್ಯಕ್ಕೆ ದುಡ್ಡು ಕೊಟ್ಟಿದ್ದೀನಿ ಸ್ವಾಮಿ!

ಯಾರು ಈ ಮನುಷ್ಯ? ಇಷ್ಟು ದೊಡ್ಡವರು ಅಂದಮೇಲೆ ಇವರ ಹೆಸರಿನ ರೆಕಾರ್ಡುಗಳು ಯಾಕೆ ಇಷ್ಟು ಕಡಿಮೆ? ನನ್ನಂಥವಳಿಗೆ ಈ ಪುಸ್ತಕದಿಂದ ಉಪಯೋಗ ಇದೆಯಾ, ಇಲ್ಲ ಮಾರಿಬಿಡಲಾ?

ಹಳೇ_ಎಲ್‌ಪಿ:

ಮಾರಬೇಡಿ. ಪುಸ್ತಕದ ವಿಷಯ ನುಡಿಸುವವರು ಹೇಳಲಿ. ನಾನು ಬರೀ ಕೇಳುವವನು. ರೆಕಾರ್ಡಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ.

ಅವರ ಹೆಸರಿನ ರೆಕಾರ್ಡುಗಳು ಕಡಿಮೆ, ನಿಜ. ಇಸಿಎಂ ಕಂಪನಿಯಲ್ಲಿ ನಾಯಕನಾಗಿ ಮಾಡಿದ್ದು ಒಂದೇ, 'ಇನ್ ಪಾಸಿಂಗ್', 1979ರಲ್ಲಿ ಬಂತು. ಜೊತೆಗೆ ಇದ್ದವರನ್ನು ನೋಡಿ: ಸ್ಯಾಕ್ಸೊಫೋನ್ ಮತ್ತು ಬೇಸ್ ಕ್ಲಾರಿನೆಟ್‌ಗೆ ಜಾನ್ ಸರ್ಮನ್, ಬೇಸ್‌ಗೆ ಎಡ್ಡಿ ಗೋಮೆಜ್, ಡ್ರಮ್ಸ್‌ಗೆ ಜ್ಯಾಕ್ ಡಿಜಾನೆಟ್. ಇಂಥವರನ್ನು ಕೂರಿಸಿಕೊಂಡು ತನ್ನ ಹೆಸರಿನ ರೆಕಾರ್ಡ್ ಮಾಡುವಾಗ ಯಾರಿಗಾದರೂ ಒಂದು ಕೈ ತೋರಿಸೋಣ ಅನಿಸುತ್ತೆ, ಅಲ್ವಾ? ಈ ಮಹಾನುಭಾವ ಸರ್ಮನ್‌ಗೆ ಜಾಗ ಬಿಟ್ಟು ಹಿಂದೆ ಕೂತಿದ್ದಾರೆ. ಎಷ್ಟೋ ಕಡೆ ಗಿಟಾರ್ ಎಲ್ಲಿದೆ ಅಂತ ಹುಡುಕಬೇಕು. ಹುಡುಕಿ ಸಿಕ್ಕಿದ ಮೇಲೆ ಮಾತ್ರ ಬೇರೆ ಯಾವುದರ ಕಡೆಗೂ ಕಿವಿ ಹೋಗಲ್ಲ.

ಅದಕ್ಕೂ ಮುಂಚೆ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸೋ ವಾದ್ಯ) ನುಡಿಸುವ ಗ್ಯಾರಿ ಬರ್ಟನ್ ತಂಡದಲ್ಲಿದ್ದರು. 1973ರ 'ದಿ ನ್ಯೂ ಕ್ವಾರ್ಟೆಟ್' ಕೇಳಿ. ಆಮೇಲೆ 1974ರಲ್ಲಿ ಮೆಥೀನಿ ಅನ್ನೋ ಹತ್ತೊಂಬತ್ತರ ಹುಡುಗ ಅದೇ ತಂಡಕ್ಕೆ ಸೇರಿದ. ಒಂದೇ ಬ್ಯಾಂಡಿನಲ್ಲಿ ಎರಡು ಗಿಟಾರ್, ಮೇಲೆ ವೈಬ್ರಫೋನ್. ಮೂರೂ ಸ್ವರಗುಚ್ಛ ನುಡಿಸಬಲ್ಲ ವಾದ್ಯಗಳು. ಒಬ್ಬರ ಕಾಲು ಇನ್ನೊಬ್ಬರು ತುಳಿಯಲೇಬೇಕಾದ ಪರಿಸ್ಥಿತಿ. 'ರಿಂಗ್' ಮತ್ತು 'ಡ್ರೀಮ್ಸ್ ಸೋ ರಿಯಲ್' ಎರಡರಲ್ಲೂ ಹಾಗೆ ಆಗದೆ ಇರೋದಕ್ಕೆ ಅರ್ಧ ಕಾರಣ ಗುಡ್ರಿಕ್ ಅಂತ ನನ್ನ ಅಭಿಪ್ರಾಯ. ಎಲ್ಲಿ ಸುಮ್ಮನಿರಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಚಾರ್ಲಿ ಹೇಡನ್ ಅವರ ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾದ 'ದಿ ಬ್ಯಾಲಡ್ ಆಫ್ ದಿ ಫಾಲನ್'ನಲ್ಲೂ ಇದ್ದಾರೆ. 80ರ ದಶಕದ ಕೊನೆಗೆ ಡಿಜಾನೆಟ್ ಅವರ ಸ್ಪೆಷಲ್ ಎಡಿಷನ್ ತಂಡದಲ್ಲೂ ನುಡಿಸಿದರು. ಅಂದರೆ ಅವಕಾಶ ಸಿಗದೆ ಮೂಲೆ ಸೇರಿದವರಲ್ಲ. ದೊಡ್ಡ ದೊಡ್ಡವರು ಕರೆದು ಕೂರಿಸಿಕೊಂಡ ಕೈ ಅದು.

ಮೀಟು_ಮೇಷ್ಟ್ರು:

ಎಲ್‌ಪಿ ಸಾರ್ ನನ್ನ ಅರ್ಧ ಕೆಲಸ ಮುಗಿಸಿದ್ದಾರೆ. ನಾನು ಮೈಸೂರಿನಲ್ಲಿ ಗಿಟಾರ್ ಪಾಠ ಹೇಳುವವನು. ಗುಡ್ರಿಕ್ ಅವರನ್ನು ಕಂಡವನಲ್ಲ, ಬಾಸ್ಟನ್ನೂ ನೋಡಿಲ್ಲ. ಆದರೆ ಈ ಪುಸ್ತಕದ ಜೊತೆ ಬಹಳ ಕಾಲ ಬದುಕಿದ್ದೇನೆ, ಅದರ ರಟ್ಟು ಕಿತ್ತು ಬಂದು ಬೈಂಡಿಂಗ್ ಮಾಡಿಸಿದ್ದೂ ಆಗಿದೆ.

ಮೊದಲು ಮನುಷ್ಯನ ಬಗ್ಗೆ. ಹುಟ್ಟಿದ್ದು 1945ರಲ್ಲಿ, ಪೆನ್ಸಿಲ್ವೇನಿಯಾದ ಶಾರನ್ ಅನ್ನೋ ಸಣ್ಣ ಊರಲ್ಲಿ. ಹದಿನಾರರ ವಯಸ್ಸಿನಲ್ಲಿ ಜಾಝ್ ಬ್ಯಾಂಡ್ ನಾಯಕ ಸ್ಟಾನ್ ಕೆಂಟನ್ ಅವರ ಬ್ಯಾಂಡ್ ಕ್ಯಾಂಪಿಗೆ ಹೋಗಿ ಜಾಝ್ ರುಚಿ ಹತ್ತಿಸಿಕೊಂಡರು. 1963ರಿಂದ 67ರವರೆಗೆ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದು. ಓದು ಮುಗಿದದ್ದೇ ತಡ, ಅಲ್ಲೇ ಪಾಠ ಹೇಳಲು ನಿಂತರು. ಮಧ್ಯೆ ಕೆಲವು ವರ್ಷ ಬರ್ಟನ್ ತಂಡದ ಜೊತೆ ಊರೂರು ಸುತ್ತಿ ಮತ್ತೆ ಬಾಸ್ಟನ್ನಿಗೇ ವಾಪಸ್. ಬರ್ಕ್ಲೀ, ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎರಡರಲ್ಲೂ ಕಲಿಸಿದರು. 2022ರ ನವೆಂಬರ್‌ನಲ್ಲಿ ತೀರಿಕೊಂಡರು.

ರೆಕಾರ್ಡ್ ಯಾಕೆ ಕಡಿಮೆ ಅಂತ ಕೇಳಿದಿರಿ. ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಕಛೇರಿ ಕಡಿಮೆ ಮಾಡಿ ಪಾಠ ಜಾಸ್ತಿ ಹೇಳುವವರನ್ನು ಕಂಡರೆ "ಪಾಪ, ಅವಕಾಶ ಬರಲಿಲ್ಲ" ಅಂತೀವಿ. ಸಂಬಂಧಿಕರ ಮದುವೆಗಳಲ್ಲಿ ನನಗೇ ಈ ಮಾತು ಎದುರಿಗೆ ಬಂದಿದೆ. ಗುಡ್ರಿಕ್ ವಿಷಯದಲ್ಲಿ ಹಾಗೆ ನೋಡಿದರೆ ಏನೂ ಅರ್ಥ ಆಗಲ್ಲ. ಅವರ ಸಂಗೀತ ಎಲ್ಲಿದೆ ಅಂದರೆ ಶಿಷ್ಯರ ಕೈಯಲ್ಲಿದೆ. ಸ್ಕೋಫೀಲ್ಡ್, ಫ್ರಿಸೆಲ್, ಮೈಕ್ ಸ್ಟರ್ನ್, ಆಸ್ಟ್ರಿಯಾದ ವೋಲ್ಫ್‌ಗ್ಯಾಂಗ್ ಮುಥ್‌ಸ್ಪೀಲ್, ಆಮೇಲಿನ ತಲೆಮಾರಿನ ಜೂಲಿಯನ್ ಲಾಜ್. ಈ ಐದು ಜನರನ್ನು ಒಂದರ ಹಿಂದೆ ಒಂದು ಕೇಳಿ. ಸ್ಕೋಫೀಲ್ಡ್ ಬ್ಲೂಸ್ ಕಡೆಯ ಒರಟು ಸ್ವರ, ಬೇಕಂತಲೇ ಸ್ವಲ್ಪ ಪಕ್ಕಕ್ಕೆ ಜಾರಿಸಿ ನುಡಿಸುತ್ತಾರೆ. ಫ್ರಿಸೆಲ್ ಸ್ವರದ ಮೊದಲ ಪೆಟ್ಟನ್ನೇ ವಾಲ್ಯೂಮ್ ಪೆಡಲಿನಲ್ಲಿ ಅಳಿಸಿ, ಎಲ್ಲಿಂದಲೋ ತೇಲಿ ಬಂದ ಹಾಗೆ ಮಾಡುತ್ತಾರೆ. ಸ್ಟರ್ನ್ ರಾಕ್ ಸದ್ದಿನಲ್ಲಿ ಬೀಬಾಪ್ ಅನ್ನೋ ವೇಗದ ಜಾಝ್ ಓಡಿಸುತ್ತಾರೆ. ಮುಥ್‌ಸ್ಪೀಲ್ ಕ್ಲಾಸಿಕಲ್ ಗಿಟಾರಿನಿಂದ ಬಂದವರು, ಅದು ಕೈಯಲ್ಲಿ ಗೊತ್ತಾಗುತ್ತೆ. ಲಾಜ್ ಕೈಲಿ ಟೆಲಿಕಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರ್ ಮರದ ವಾದ್ಯದ ಹಾಗೆ ಮಾತಾಡುತ್ತೆ. ಒಬ್ಬರ ಹಾಗೆ ಒಬ್ಬರಿಲ್ಲ. ಮುಖ್ಯವಾಗಿ ಒಬ್ಬರೂ ಗುಡ್ರಿಕ್ ಹಾಗಿಲ್ಲ! ಮೇಷ್ಟ್ರಾಗಿ ನನಗೆ ಹೊಟ್ಟೆ ಉರಿಯೋದು ಇಲ್ಲೇ. ನನ್ನ ಕ್ಲಾಸಿನಿಂದ ಹೊರಗೆ ಹೋದ ಹುಡುಗರಲ್ಲಿ ಮುಕ್ಕಾಲು ಪಾಲು ನನ್ನ ಹಾಗೇ ನುಡಿಸುತ್ತಾರೆ, ನನ್ನ ಚಾಳಿಗಳ ಸಮೇತ.

ಇದು ಹೇಗೆ ಸಾಧ್ಯವಾಯಿತು ಅನ್ನೋದು ನಿಮ್ಮ ಕೈಯಲ್ಲಿರೋ ಪುಸ್ತಕದಲ್ಲಿದೆ. 1987ರಲ್ಲಿ ಬಂದದ್ದು. ಅದು ಹಂತ ಹಂತವಾಗಿ ಕಲಿಸುವ ಪುಸ್ತಕವೇ ಅಲ್ಲ. ಬಹುತೇಕ ಮೇಷ್ಟ್ರುಗಳು ಏನಾದರೂ ಕೊಡುತ್ತಾರೆ: ಒಂದು ಆಕಾರ, ಒಂದು ಲಿಕ್ (ಸಿದ್ಧ ಸ್ವರದ ತುಣುಕು), ಒಂದು ಬೆರಳುಗಾರಿಕೆ. ಗುಡ್ರಿಕ್ ಕಿತ್ತುಕೊಳ್ಳುತ್ತಾರೆ. ಐದು ತಂತಿ ಕಿತ್ತುಕೊಂಡು "ಈಗ ನುಡಿಸು" ಅಂತಾರೆ. ಅದಕ್ಕೆ ಅವರು ತಮಾಷೆಗೆ ಯುನಿಟಾರ್ ಅಂತ ಹೆಸರಿಟ್ಟರು.

ಯಾಕೆ ಕಿತ್ತುಕೊಳ್ಳಬೇಕು? ಗಿಟಾರಿನ ತಲೆನೋವು ಏನು ಅಂದರೆ ಒಂದೇ ಸ್ವರ ನಾಲ್ಕಾರು ಕಡೆ ಸಿಗುತ್ತೆ. ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಬರೋ ಇ, ಎರಡನೇ ತಂತಿಯ 5ನೇ ಫ್ರೆಟ್‌ನಲ್ಲಿ (ಮೆಟ್ಟಿಲಲ್ಲಿ) ಇದೆ, ಮೂರನೆಯದರ 9ರಲ್ಲಿದೆ, ನಾಲ್ಕನೆಯದರ 14ರಲ್ಲೂ ಇದೆ. ಪಿಯಾನೋದಲ್ಲಿ ಈ ಗೊಂದಲ ಇಲ್ಲ. ಈ ಗೊಂದಲ ತಪ್ಪಿಸಲಿಕ್ಕೇ ನಾವು ಬಾಕ್ಸ್ ಮೊರೆ ಹೋಗೋದು. ಬಾಕ್ಸ್ ಒಳಗೆ ಕೈ ಕದಲಲ್ಲ, ಬೆರಳು ತಂತಿಯಿಂದ ತಂತಿಗೆ ಹಾರುತ್ತೆ. ಆಗ ಬೆರಳಿಗೆ ನೆನಪಿರೋದು ಆಕಾರ ಮಾತ್ರ. ಎರಡು ಸ್ವರಗಳ ನಡುವೆ ಎಷ್ಟು ದೂರ ಅನ್ನೋದು ಕಣ್ಣಿಗೂ ಕಾಣಲ್ಲ, ಕಿವಿಗೂ ತಾಕಲ್ಲ.

ಒಂದೇ ತಂತಿಗೆ ಬನ್ನಿ. ಎರಡನೇ ತಂತಿ, ಬಿ. ಸಿ ಮೇಜರಿನ ಸ್ವರಗಳು 0, 1, 3, 5, 6, 8, 10, 12ನೇ ಫ್ರೆಟ್‌ಗಳಲ್ಲಿ ಕೂತಿವೆ. ಎಲ್ಲಿ ಒಂದು ಫ್ರೆಟ್ ಅಂತರ, ಎಲ್ಲಿ ಎರಡು ಅನ್ನೋದು ನಿಮ್ಮ ತೋಳೇ ಅಳೆಯುತ್ತೆ. ಒಂದು ಸ್ವರಕ್ಕೆ ಒಂದೇ ಮನೆ. ವೇಗವಾಗಿ ಓಡಿಸಿ ಬಚಾವಾಗೋಣ ಅಂದ್ರೆ ಆಗಲ್ಲ. ಹಾಗಾಗಿ ಮುಂದಿನ ಸ್ವರ ಯಾವುದು ಅಂತ ಮೊದಲು ಕೇಳಿಸಿಕೊಂಡೇ ಕೈ ಜರುಗಿಸಬೇಕು.

ಇಲ್ಲಿ ನಿಮಗೊಂದು ಲಾಭ ಇದೆ. ವೀಣೆ ಕಲಿತವರಿಗೆ ಇದೇನು ಹೊಸದಾ? ಅಜ್ಜಿ ನಿಮಗೆ ಸರಳೆವರಸೆ ಎಲ್ಲಿ ಹೇಳಿಕೊಟ್ಟರು? ಸಾರಣಿಯ ಮೇಲೆ, ಅಂದರೆ ಮೊದಲ ತಂತಿಯ ಮೇಲೆ ತಾನೆ. ನೀವು ಇಟ್ಟುಕೊಂಡಿರೋ ಹೆಸರೇ ಸಾರಣಿ! ಮಂದ್ರಕ್ಕೆ ಇಳಿಯಬೇಕಾದಾಗ ಪಂಚಮದ ತಂತಿಗೆ ಹೋಗ್ತೀವಿ, ಮಿಕ್ಕ ಹೊತ್ತು ಕೈ ಉದ್ದಕ್ಕೆ ಓಡಾಡುತ್ತೆ. ಅಮೆರಿಕದ ಗಿಟಾರ್ ವಿದ್ಯಾರ್ಥಿಗೆ ಇದು ಕ್ರಾಂತಿ, ನಮಗೆ ಮೊದಲ ವರ್ಷದ ಪಾಠ.

ಮೋಡ್‌ಗಳ ಕಥೆಯೂ ಹಾಗೇ. ಪುಸ್ತಕದಲ್ಲಿ ಡೋರಿಯನ್, ಫ್ರಿಜಿಯನ್ ಅಂತ ಪಟ್ಟಿ ನೋಡಿ ಗಾಬರಿ ಆಗಬೇಡಿ. ಶಂಕರಾಭರಣಕ್ಕೆ ಗ್ರಹಭೇದ ಮಾಡಿ, ಅಂದರೆ ಅದರ ಬೇರೆ ಬೇರೆ ಸ್ವರವನ್ನು ಸ ಅಂತ ಹಿಡಿಯಿರಿ. ರಿ ಹಿಡಿದರೆ ಖರಹರಪ್ರಿಯ, ಅದೇ ಡೋರಿಯನ್. ಗ ಹಿಡಿದರೆ ತೋಡಿ, ಮ ಹಿಡಿದರೆ ಕಲ್ಯಾಣಿ, ಪ ಹಿಡಿದರೆ ಹರಿಕಾಂಭೋಜಿ, ದ ಹಿಡಿದರೆ ನಠಭೈರವಿ. ನಿ ಹಿಡಿದರೆ ಪಂಚಮ ಸಿಗದೆ ಮೇಳ ಕೈಕೊಡುತ್ತೆ. ಅದನ್ನೂ ಬಿಡದೆ ಲೋಕ್ರಿಯನ್ ಅಂತ ಅವರು ಇಟ್ಟುಕೊಂಡಿದ್ದಾರೆ.

ಆದರೆ ಅಪಾಯವೂ ಇಲ್ಲೇ ಇದೆ. ಡೋರಿಯನ್ ಅಂತ ಶುರು ಮಾಡಿ ಎರಡು ನಿಮಿಷಕ್ಕೆ ನೀವು ಖರಹರಪ್ರಿಯ ಆಲಾಪನೆ ಮಾಡ್ತಾ ಇರ್ತೀರಿ. ಗಾಂಧಾರ ತೂಗುತ್ತೆ, ನಿಷಾದ ನಡುಗುತ್ತೆ. ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ. ಆದರೆ ಹಿಂದೆ ಡಿ ಮೈನರ್ ಸೆವೆನ್ ಕಾರ್ಡ್ (ಸ್ವರಗುಚ್ಛ) ನಿಂತಿದೆ ಅನ್ನೋದು ಮರೆತೇ ಹೋಗುತ್ತೆ. ಫೋನಿನಲ್ಲಿ ಆ ಕಾರ್ಡನ್ನು ಲೂಪ್ ಮಾಡಿ ಇಟ್ಟುಕೊಳ್ಳಿ, ಸ್ವಲ್ಪ ದಿನ ಗಮಕ ಇಲ್ಲದೆ ಚಪ್ಪಟೆಯಾಗಿ ನುಡಿಸಿ. ಯಾವ ಸ್ವರ ಕಾರ್ಡಿನ ಮೇಲೆ ಆರಾಮಾಗಿ ಕೂರುತ್ತೆ, ಯಾವುದು ಎಲ್ಲಿಗಾದರೂ ಹೋಗಬೇಕು ಅಂತ ಒದ್ದಾಡುತ್ತೆ ಅನ್ನೋದನ್ನು ಕೇಳಿ.

ಹುಬ್ಬಳ್ಳಿ_ಆರ್ಕೆಸ್ಟ್ರಾ:

ಮೇಷ್ಟ್ರೇ, ಬರವಣಿಗೆ ಚೆನ್ನಾಗಿದೆ, ಆದರೆ ಒಪ್ಪೋಕೆ ಆಗ್ತಿಲ್ಲ. ನಾನು ಮದುವೆ, ಗಣೇಶೋತ್ಸವ, ಸ್ಟುಡಿಯೋ ಎಲ್ಲ ಕಡೆ ನುಡಿಸಿ ಹೊಟ್ಟೆ ಹೊರೆಯುವವನು. ಗಾಯಕರು ಸ್ಟೇಜ್ ಮೇಲೆ ಬಂದು "ಅಣ್ಣ, ಅರ್ಧ ಮನೆ ಇಳಿಸು" ಅಂದರೆ ತಕ್ಷಣ ಇಳಿಸಬೇಕು. ಅಲ್ಲಿ ಬಾಕ್ಸೇ ದೇವರು. ಒಂದು ಫ್ರೆಟ್ ಕೆಳಗೆ ಜರುಗಿದರೆ ಕೆಲಸ ಮುಗೀತು. ಒಂದೇ ತಂತಿ ಹಿಡ್ಕೊಂಡು ಕೂತರೆ ಹಾಡು ಮುಗಿದು ಚಪ್ಪಾಳೆನೂ ಬಿದ್ದಿರುತ್ತೆ.

ಬರ್ಕ್ಲೀ ಮಾತೇ ಆಡೋದಾದರೆ, ಅಲ್ಲಿ ಗಿಟಾರ್ ವಿಭಾಗದ ಮುಖ್ಯಸ್ಥರಾಗಿದ್ದ ವಿಲಿಯಂ ಲೆವಿಟ್ ಅವರ 'ಎ ಮಾಡರ್ನ್ ಮೆಥಡ್ ಫಾರ್ ಗಿಟಾರ್' ಇದೆಯಲ್ಲ, 1966ರ ಪುಸ್ತಕ. ಮೊದಲ ಪುಟದಿಂದ ನೊಟೇಷನ್ ಓದಿಸುತ್ತೆ, ಪೊಸಿಷನ್ (ಕೈ ಒಂದೇ ಜಾಗದಲ್ಲಿಟ್ಟು ನುಡಿಸೋದು) ಕಲಿಸುತ್ತೆ, ಕ್ರಮವಾಗಿ ಮುಂದೆ ಕರ್ಕೊಂಡು ಹೋಗುತ್ತೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯೋ ಈ ಮೇಡಂಗೆ ಅದೇ ಸರಿ. ಗುಡ್ರಿಕ್ ಪುಸ್ತಕ ಆಗಲೇ ಎಲ್ಲ ಬಲ್ಲವರಿಗೆ. ಸ್ಕೋಫೀಲ್ಡ್, ಫ್ರಿಸೆಲ್ ಎಲ್ಲ ಅವರ ಹತ್ತಿರ ಹೋಗೋ ಹೊತ್ತಿಗೇ ಕೈ ಪಳಗಿದ್ದವರು. ಪ್ರತಿಭೆ ಇದ್ದವರನ್ನು ತಯಾರು ಮಾಡಿದ್ದೇ ದೊಡ್ಡ ವಿಷಯನಾ?

ಹೆಸರು ಬೇಡ, ಇಂಥ "ನೀನೇ ಹುಡುಕಿಕೋ" ಅನ್ನೋ ಮೇಷ್ಟ್ರೊಬ್ಬರ ಹತ್ತಿರ ನಾನೂ ಹೋಗಿದ್ದೆ. ಫೀಸು ಮಾತ್ರ ಅವರೇ ಹುಡುಕಿಕೊಂಡು ಬಂದು ತಗೋತಿದ್ದರು.

ಮೀಟು_ಮೇಷ್ಟ್ರು:

ಹಹ್ಹ, ಕೊನೆಯ ಸಾಲಿಗೆ ನನ್ನ ನಮಸ್ಕಾರ.

ಲೆವಿಟ್ ಬಗ್ಗೆ ನೀವು ಹೇಳಿದ್ದು ಸರಿ. ನನ್ನ ಹುಡುಗರಿಗೆ ಮೊದಲು ಕೊಡೋದು ಅದೇ ಪುಸ್ತಕ. ಗುಡ್ರಿಕ್ ಕೂಡ ಪೊಸಿಷನ್ ಬೇಡ ಅಂದವರಲ್ಲ, ಅವರ ಪುಸ್ತಕದಲ್ಲೂ ಅದು ಇದೆ. ಒಂದು ತಂತಿ ಆಯ್ತು, ಪಕ್ಕಪಕ್ಕದ ಎರಡು ತಂತಿ ಆಯ್ತು, ಆಮೇಲೆ ಪೊಸಿಷನ್ ಅಂತ ಬರುತ್ತಾರೆ. ಅವರ ತಕರಾರು ಕ್ರಮದ ಬಗ್ಗೆ. ಎಲ್ಲರೂ ಪೊಸಿಷನ್ನಿನಿಂದ ಹತ್ತಿ ಅಲ್ಲೇ ಉಳಿದುಬಿಡುತ್ತಾರೆ ಅಂತ. ಸಾರಣಿ ಅವರು ಪ್ರಶ್ನೆಯಲ್ಲಿ ಬರೆದದ್ದೂ ಅದನ್ನೇ ಅಲ್ವಾ? ಬೆರಳು ಓಡುತ್ತೆ, ಸೋಲೋ ಆಗಲ್ಲ. ಅವರು ಆರಂಭದಲ್ಲಿಲ್ಲ, ಸಿಕ್ಕಿಹಾಕಿಕೊಂಡಿದ್ದಾರೆ. ಸಿಕ್ಕಿಹಾಕಿಕೊಂಡವರಿಗೇ ಈ ಪುಸ್ತಕ.

ಪ್ರತಿಭೆ ಇದ್ದವರನ್ನು ತಯಾರು ಮಾಡೋದು ದೊಡ್ಡದಾ ಅಂದಿರಿ. ಕೈ ಪಳಗಿದ ಇಪ್ಪತ್ತರ ಹುಡುಗನಿಗೆ ಪಾಠ ಹೇಳಿ ನೋಡಿ ಒಂದು ಸಲ. ಅವನ ಕೈ ಹಾಳು ಮಾಡದೆ ಕಳಿಸೋದೇ ಸಾಹಸ.

ಸಾರಣಿ_ದಾವಣಗೆರೆ:

ಇಬ್ಬರಿಗೂ ಥ್ಯಾಂಕ್ಸ್, ಜಗಳ ಮುಂದುವರಿಸಿ, ನನಗೆ ಲಾಭ ಆಗ್ತಿದೆ :)

ಎರಡನೇ ತಂತಿಯಲ್ಲಿ ಕೂತೆ. ಮೇಷ್ಟ್ರು ಹೇಳಿದ ಹಾಗೇ ಆಯ್ತು. ಖರಹರಪ್ರಿಯ ಓಡಿ ಬಂತು, ತಡೆಯೋಕೇ ಆಗಲಿಲ್ಲ. ಗಮಕ ಬಿಟ್ಟು ನುಡಿಸಿದರೆ ಬೆತ್ತಲೆ ನಿಂತ ಹಾಗೆ ಅನಿಸಿತು. ಆದರೆ ಒಂದು ವಿಚಿತ್ರ. 5ನೇ ಫ್ರೆಟ್‌ನಿಂದ 6ಕ್ಕೆ ಹೋಗೋದು ಇಷ್ಟು ದಿನ ಬರೀ ಪಕ್ಕದ ಬೆರಳಾಗಿತ್ತು, ಈಗ ಆ ಸಣ್ಣ ಅಂತರ ಕಿವಿಗೆ ಚುಚ್ಚುತ್ತೆ.

ನನ್ನ ನಿಜವಾದ ಕಷ್ಟ ಬೇರೆ. ರಾಗ ಗೊತ್ತು, ಕಾರ್ಡ್ ಅರ್ಥ ಆಗಲ್ಲ. ಕಾರ್ಡ್ ಬದಲಾದಾಗ ನನಗೆ ಒಂದು ಚಿತ್ರ ಹೋಗಿ ಇನ್ನೊಂದು ಚಿತ್ರ ಬಂದಂತೆ ಅಷ್ಟೇ. ಇದಕ್ಕೆ ಗುಡ್ರಿಕ್ ಹತ್ತಿರ ಏನಾದರೂ ಇದೆಯಾ?

ಮೀಟು_ಮೇಷ್ಟ್ರು:

ಇದೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಅದೇ. ಪುಸ್ತಕ ಬಂದು ಎಷ್ಟೋ ಕಾಲದ ಮೇಲೆ 'ಮಿಸ್ಟರ್ ಗುಡ್‌ಕಾರ್ಡ್ಸ್ ಆಲ್ಮನ್ಯಾಕ್' ಅಂತ ಸಂಪುಟಗಳನ್ನೇ ತಂದರು. ತೆರೆದು ನೋಡಿದರೆ ಪಂಚಾಂಗವೇ, ಪುಟ ಪುಟವೂ ಕಾರ್ಡುಗಳ ಸಾಲು. ಟಿಮ್ ಮಿಲ್ಲರ್ ಜೊತೆ ಸೇರಿ ಕಾರ್ಡುಗಳ ಮೇಲೆ ಇನ್ನೊಂದು ಪುಸ್ತಕವನ್ನೂ ಬರೆದರು. ಈಗಲೇ ಅವನ್ನು ತರಿಸಬೇಡಿ, ಗಾಬರಿ ಆಗ್ತೀರಿ. ಒಳಗಿನ ತತ್ವ ಮಾತ್ರ ಇಷ್ಟು: ಕಾರ್ಡ್ ಅನ್ನೋದು ಮೂರ್ನಾಲ್ಕು ಜನ ಒಟ್ಟಿಗೆ ಹಾಡ್ತಿರೋದು. ಕಾರ್ಡ್ ಬದಲಾದಾಗ ಪ್ರತಿಯೊಬ್ಬರೂ ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಮಾತ್ರ ಕದಲಬೇಕು.

ಗಿಟಾರ್ ಕೈಗೆ ತಗೊಳ್ಳಿ. 4, 3, 2ನೇ ತಂತಿ ಮಾತ್ರ. ನಾಲ್ಕನೇ ತಂತಿ 10ನೇ ಫ್ರೆಟ್, ಮೂರನೆಯದು 9, ಎರಡನೆಯದು 8. ಸಿ-ಇ-ಜಿ. ನಮ್ಮ ಲೆಕ್ಕದಲ್ಲಿ ಸ-ಗ-ಪ. ಸಿ ಮೇಜರ್.

ಈಗ ಎಫ್ ಮೇಜರಿಗೆ ಹೋಗಬೇಕು. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತೋ ಬಾರ್ ಹಿಡಿದು ಮೊದಲ ಫ್ರೆಟ್‌ಗೆ ಓಡಬೇಡಿ. ನಾಲ್ಕನೇ ತಂತಿ ಅಲ್ಲೇ ಇರಲಿ. ಮೂರನೆಯದು 9ರಿಂದ 10ಕ್ಕೆ, ಎರಡನೆಯದು 8ರಿಂದ 10ಕ್ಕೆ. ಸ-ಮ-ದ. ಸ ಕದಲಲೇ ಇಲ್ಲ, ಗ ಮಧ್ಯಮಕ್ಕೆ ಹತ್ತಿತು, ಪ ಧೈವತಕ್ಕೆ ಹತ್ತಿತು.

ಮುಂದಿನದು ಜಿ ಸೆವೆನ್. ನಾಲ್ಕನೇ ತಂತಿ 10ರಿಂದ 9ಕ್ಕೆ ಇಳಿಯಲಿ. ಮೂರನೆಯದು 10ರಲ್ಲೇ ಇರಲಿ. ಎರಡನೆಯದು 10ರಿಂದ 8ಕ್ಕೆ. ನಿ-ಮ-ಪ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಳ್ಳಿ. ನಿ ಮೇಲಕ್ಕೆ ಎಳೀತಿದೆ, ಮ ಕೆಳಕ್ಕೆ ಎಳೀತಿದೆ, ಗೊತ್ತಾಯ್ತಾ? ಬಿಟ್ಟುಕೊಡಿ. ನಾಲ್ಕನೇ ತಂತಿ ಮತ್ತೆ 10, ಮೂರನೇ ತಂತಿ ಮತ್ತೆ 9, ಎರಡನೇ ತಂತಿ 8ರಲ್ಲೇ. ಸ-ಗ-ಪ. ಮನೆ ಸೇರಿದಿರಿ.

ನಿಧಾನವಾಗಿ ನುಡಿಸುತ್ತಾ ಒಂದೊಂದು ದನಿಯನ್ನು ಬಾಯಲ್ಲಿ ಹಾಡಿ. ಮೊದಲು ನಾಲ್ಕನೇ ತಂತಿಯದು: ಸ, ಸ, ನಿ, ಸ. ಆಮೇಲೆ ನಡುವಿನದು: ಗ, ಮ, ಮ, ಗ. ಆಮೇಲೆ ಮೇಲಿನದು: ಪ, ದ, ಪ, ಪ. ಸ್ವರ ಹೇಳಿಕೊಂಡು ಹಾಡೋ ಅಭ್ಯಾಸ ನಿಮಗಿದೆ. ನನ್ನ ಹತ್ತಿರ ಬರೋ ರಾಕ್ ಹುಡುಗರಿಗೆ ಈ ನಡುವಿನ ದನಿ ಹಾಡಿಸೋಕೆ ತಿಂಗಳುಗಟ್ಟಲೆ ಬೇಕು. ಈ ನಾಲ್ಕು ಕಾರ್ಡುಗಳನ್ನು ಕೈ ನೋಡದೆ, ಹಾಡಿಕೊಂಡು ನುಡಿಸುವ ಹಾಗಾದ ಮೇಲೆ ಇಲ್ಲಿ ಬರೆಯಿರಿ. ನಾಲ್ಕನೇ ಸ್ವರ ಸೇರಿಸೋದು ಆಮೇಲೆ.

ಎಲ್‌ಪಿ ಸಾರ್ ಹೇಳಿದ 'ಇನ್ ಪಾಸಿಂಗ್' ಕೇಳುವಾಗಲೂ ಇದೇ ಗಮನ ಇರಲಿ. ಸರ್ಮನ್ ಮುಂದೆ ನುಡಿಸುತ್ತಿರುವಾಗ ಹಿಂದೆ ಗಿಟಾರ್ ಏನು ಮಾಡುತ್ತಿದೆ ಅಂತ. ಕಾರ್ಡ್ ಬದಲಾಯಿತು ಅಂತ ಗೊತ್ತೇ ಆಗದ ಹಾಗೆ ಒಂದೊಂದು ಸ್ವರ ಜರುಗುತ್ತಾ ಹೋಗುತ್ತೆ.

ಹುಬ್ಬಳ್ಳಿ_ಆರ್ಕೆಸ್ಟ್ರಾ:

ಈ ನಿ-ಮ-ಪ ಹಿಡಿತ ನಾನೂ ಈಗ ನುಡಿಸಿ ನೋಡಿದೆ. ಕೀಬೋರ್ಡಿನವರು ಜೋರಾಗಿ ನುಡಿಸುವಾಗ ಆರು ತಂತಿ ಬಾರಿಸೋ ಬದಲು ಈ ಮೂರು ತಂತಿ ಸಾಕು, ಎದ್ದು ಕೇಳುತ್ತೆ. ಶನಿವಾರ ಒಂದು ರಿಸೆಪ್ಷನ್ ಇದೆ, ಅಲ್ಲಿ ಹಾಕ್ತೀನಿ. ಒಂದೇ ತಂತಿ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಳೇ_ಎಲ್‌ಪಿ:

ಸಾರಣಿ ಅವರೇ, 'ಇನ್ ಪಾಸಿಂಗ್' ಶುರು ಮಾಡುವಾಗ ಮೊದಲ ಟ್ರ್ಯಾಕ್ 'ಫೀಬಲ್ಸ್, ಫೇಬಲ್ಸ್ ಅಂಡ್ ಫರ್ನ್ಸ್' ಹಾಕಿ. ಅದರಲ್ಲೇ 'ಸಮ್ಮರ್ ಬ್ಯಾಂಡ್ ಕ್ಯಾಂಪ್' ಅಂತಲೂ ಒಂದಿದೆ. ಮೇಷ್ಟ್ರು ಹೇಳಿದ ಕೆಂಟನ್ ಕ್ಯಾಂಪಿನ ನೆನಪಿಗೇ ಆ ಹೆಸರು ಅಂತ ನನ್ನ ಊಹೆ. ಹೆಡ್‌ಫೋನ್ ಇದೆ ಅಂದಿರಲ್ಲ, ಒಳ್ಳೇದು. ಫೋನ್ ಸ್ಪೀಕರಿನಲ್ಲಿ ಕೇಳಿದರೆ ಗಿಟಾರ್ ಸಿಗೋದೇ ಇಲ್ಲ.